ಕುದುರೆ ಕಂದು ಹಾಕಿದಾಗ: ಲಕ್ಷಣ ಹಿಡಿದು ಕಾರಣ ಹುಡುಕುವ ಕೈಪಿಡಿ

ಕುದುರೆ ಕಂದು ಹಾಕಿದ, ಅಂದರೆ ದಿನ ತುಂಬುವ ಮೊದಲೇ ಗಬ್ಬ ಕಳಚಿದ, ಬೆಳಿಗ್ಗೆ ಲಾಯದಲ್ಲಿ ಸಾಮಾನ್ಯವಾಗಿ ಎರಡು ಕೆಲಸ ಬೇಗಬೇಗನೆ ನಡೆದುಹೋಗುತ್ತವೆ. ಬಿದ್ದದ್ದನ್ನು ಗುಂಡಿ ತೋಡಿ ಹೂಳುತ್ತಾರೆ, ಹಾಸಿದ ಹುಲ್ಲು ಬದಲಿಸಿ ನೆಲ ತೊಳೆಯುತ್ತಾರೆ. ಡಾಕ್ಟರು ಬರುವ ಹೊತ್ತಿಗೆ ಕಾರಣ ಹೇಳಬಲ್ಲ ಎಲ್ಲವೂ ಗುಂಡಿಗೋ ಚರಂಡಿಗೋ ಸೇರಿರುತ್ತದೆ. ಆಮೇಲೆ ಉಳಿಯುವುದು ಊಹೆ: ಬಿಸಿಲು ಜಾಸ್ತಿಯಾಯಿತು, ಪಟಾಕಿಗೆ ಬೆದರಿತು, ಕುದುರೆ ನೋಡಿಕೊಳ್ಳುವ ಸೈಸ್ ಜೋರಾಗಿ ಎಳೆದ. ಇವುಗಳಿಂದ ಗಬ್ಬ ಹೋಗುವುದು ಅಪರೂಪ. ಎಷ್ಟನೇ ದಿನಕ್ಕೆ ಹೋಯಿತು, ಕಂದಿನ ಜೊತೆ ಬಿದ್ದ ಮಾಸ (ಗರ್ಭದ ಪೊರೆಚೀಲ) ಹೇಗಿತ್ತು ಎಂಬ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಪಟ್ಟಿಯಲ್ಲಿರುವ ಮುಕ್ಕಾಲು ಕಾರಣಗಳನ್ನು ಅಲ್ಲೇ ಹೊಡೆದುಹಾಕಬಹುದು.

ಕುಣಿಗಲ್ ಸುತ್ತಮುತ್ತಲಿನಂಥ ಥರೋಬ್ರೆಡ್ (ರೇಸ್ ಕುದುರೆ ತಳಿ) ಸ್ಟಡ್ ಫಾರ್ಮ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಮಾರ್ವಾಡಿ, ಕಾಠಿಯಾವಾಡಿ ಕುದುರೆ ಸಾಕುವವರಿಗೂ ದಿನಗಳ ಲೆಕ್ಕ ಇದೇ. ಕುದುರೆಯ ಹೊರಗಿನಿಂದ ನೋಡಿ ತಿಳಿಯುವ ಕೆಲಸ ಲಾಯದವರದು. ಗುದದ್ವಾರದೊಳಗೆ ಅಥವಾ ಯೋನಿಯೊಳಗೆ ಕೈ ಹಾಕುವ ಕೆಲಸ ಯಾವುದಿದ್ದರೂ ಅದು ಪಶುವೈದ್ಯರದು.

ಎಲ್ಲಕ್ಕಿಂತ ಮೊದಲು: ಎಷ್ಟನೇ ದಿನ?

ಬಿಡಿಕಾಸು ಖರ್ಚಿಲ್ಲದ ತಪಾಸಣೆ ಇದು. ಗಂಡುಕುದುರೆಗೆ ಬಿಟ್ಟ ದಿನಗಳನ್ನು ಬರೆದಿಡುವ ಕವರಿಂಗ್ ರಿಜಿಸ್ಟರ್ ತೆಗೆದು, ಸ್ಕ್ಯಾನ್‌ನಲ್ಲಿ ಅಂಡ ಬಿಡುಗಡೆ ಕಂಡ ದಿನವನ್ನು ಸೊನ್ನೆ ಎಂದು ಹಿಡಿಯಿರಿ. ಅದು ಬರೆದಿಲ್ಲದಿದ್ದರೆ ಕೊನೆಯ ಸಲ ಗಂಡುಕುದುರೆಗೆ ಬಿಟ್ಟ ದಿನವೇ ಗತಿ.

ಅಂಡ ಬಿಡುಗಡೆಯಾದದ್ದು ಮಾರ್ಚ್ 10 ಎಂದುಕೊಳ್ಳಿ. ಮೊದಲ ಸ್ಕ್ಯಾನ್ 14ನೇ ದಿನ, ಅಂದರೆ ಮಾರ್ಚ್ 24. ಮರಿಯ ಎದೆಬಡಿತ ನೋಡುವ ಸ್ಕ್ಯಾನ್ 28ನೇ ದಿನ, ಏಪ್ರಿಲ್ 7. ಮತ್ತೊಂದು 42ನೇ ದಿನ, ಏಪ್ರಿಲ್ 21. ಜುಲೈ 8ಕ್ಕೆ 120 ದಿನ. ಮುಂದಿನ ವರ್ಷದ ಜನವರಿ 4ಕ್ಕೆ 300 ದಿನ. ಸರಾಸರಿ 340 ದಿನಕ್ಕೆ, ಫೆಬ್ರವರಿ 13ರ ಆಸುಪಾಸು, ಈಯಬೇಕು. 320ರಿಂದ 360 ದಿನದವರೆಗೂ ಆರೋಗ್ಯವಾದ ಮರಿ ಹುಟ್ಟುವುದುಂಟು, ಹಾಗಾಗಿ 350 ದಾಟಿತೆಂದು ಯಾರೂ ಗಾಬರಿಯಾಗಬೇಕಿಲ್ಲ.

ಆರು ವಾರದೊಳಗೆ ಹೋದರೆ ಭ್ರೂಣ ನಷ್ಟ ಎನ್ನುತ್ತಾರೆ, ಆ ಬಳಿಕ 300 ದಿನದೊಳಗೆ ಹೋದರೆ ಗರ್ಭಪಾತ. ಅದಕ್ಕೂ ತಡವಾಗಿ ಸತ್ತ ಮರಿ ಹುಟ್ಟಿದರೆ ಅದರ ಲೆಕ್ಕ ಬೇರೆ. ರಿಜಿಸ್ಟರ್ ಕೈತಪ್ಪಿದ್ದರೆ ಬಿದ್ದ ಕಂದಿನ ಮೈಯೇ ಸುಮಾರಾಗಿ ಹೇಳುತ್ತದೆ: ತುಟಿ, ಕಣ್ಣುರೆಪ್ಪೆಗಳಲ್ಲಿ ಮಾತ್ರ ರೋಮವಿದ್ದರೆ ಆರು ತಿಂಗಳ ಆಚೀಚೆ, ಮೈತುಂಬ ತೆಳುವಾದ ರೋಮವಿದ್ದರೆ ಒಂಬತ್ತು ತಿಂಗಳು.

ಲಕ್ಷಣ: 14ನೇ ದಿನ ಗಬ್ಬ ಅಂದರು, 28ಕ್ಕೆ ಖಾಲಿ

ಮೊದಲು ಕೇಳಬೇಕಾದ್ದು, ಆವತ್ತು ಕಂಡದ್ದು ನಿಜವಾಗಿ ಗಬ್ಬವೇ ಎಂದು. ವಯಸ್ಸಾದ ಕುದುರೆಗಳ ಗರ್ಭಕೋಶದಲ್ಲಿ ನೀರುಗುಳ್ಳೆಗಳಿರುತ್ತವೆ. ಪರದೆಯ ಮೇಲೆ ಅವೂ ಕಪ್ಪು ಗುಂಡುಚುಕ್ಕೆಯಾಗಿಯೇ ಕಾಣುತ್ತವೆ. ವ್ಯತ್ಯಾಸ ಇಷ್ಟೆ: ಭ್ರೂಣದ ಚೀಲ 16ನೇ ದಿನದವರೆಗೆ ಗರ್ಭಕೋಶದ ತುಂಬ ಓಡಾಡುತ್ತದೆ, ದಿನಕ್ಕೆ 3ರಿಂದ 4 ಮಿ.ಮೀ. ಬೆಳೆಯುತ್ತದೆ. ಗುಳ್ಳೆ ಇದ್ದಲ್ಲೇ ಇರುತ್ತದೆ, ಇದ್ದಷ್ಟೇ ಇರುತ್ತದೆ. ಗಂಡುಕುದುರೆಗೆ ಬಿಡುವ ಹಂಗಾಮು ಶುರುವಾಗುವ ಮುನ್ನವೇ ಒಮ್ಮೆ ಸ್ಕ್ಯಾನ್ ಮಾಡಿಸಿ ಗುಳ್ಳೆಗಳ ನಕ್ಷೆ ಬರೆದಿಟ್ಟರೆ ಈ ಗೊಂದಲವೇ ಬರುವುದಿಲ್ಲ.

ಎರಡನೆಯದು ಅವಳಿ. ಥರೋಬ್ರೆಡ್‌ಗಳಲ್ಲಿ ಎರಡು ಅಂಡ ಬಿಡುವುದು ಸಾಮಾನ್ಯ. ಆದರೆ ಕುದುರೆಯ ಗರ್ಭಕೋಶ ಎರಡು ಮರಿಯನ್ನು ಹೊತ್ತು ದಿನ ತುಂಬಿಸುವಂಥದ್ದಲ್ಲ. 14ರಿಂದ 16ನೇ ದಿನದೊಳಗೆ, ಎರಡೂ ಚೀಲ ಓಡಾಡುತ್ತಿರುವಾಗಲೇ, ವೈದ್ಯರು ಒಂದನ್ನು ಬೇರ್ಪಡಿಸಿ ಒಡೆದರೆ ಇನ್ನೊಂದು ಉಳಿಯುವ ಅವಕಾಶ ಬಹಳ ಚೆನ್ನಾಗಿದೆ. ಎಡವಟ್ಟಾಗುವುದು ಎಲ್ಲಿ ಎಂದರೆ, ಎರಡನೆಯ ಅಂಡ ಎರಡು ದಿನ ತಡವಾಗಿ ಬಿಡುಗಡೆಯಾಗಿದ್ದರೆ ಮೊದಲ ಸ್ಕ್ಯಾನ್‌ನಲ್ಲಿ ಆ ಚೀಲ ಕಣ್ಣಿಗೆ ಬೀಳದಷ್ಟು ಸಣ್ಣದಿರುತ್ತದೆ. ಎರಡು ಅಂಡ ಬಿಟ್ಟ ಗುರುತು ಅಂಡಾಶಯದಲ್ಲಿದ್ದು ಚೀಲ ಮಾತ್ರ ಒಂದೇ ಕಂಡರೆ, ಎರಡು ದಿನ ಬಿಟ್ಟು ಮತ್ತೆ ನೋಡಿಸಿ.

ಮೂರನೆಯ ತಪಾಸಣೆ ಕುದುರೆಯ ಹಿಂದೆ ನಿಂತು ಮಾಡುವಂಥದ್ದು. ಬಾಲ ಪಕ್ಕಕ್ಕೆ ಹಿಡಿಸಿ ನೋಡಿ. ಯೋನಿಯ ಸೀಳು ನೆಟ್ಟಗೆ ಕೆಳಕ್ಕಿಳಿದಿರಬೇಕು, ಅದರ ಮೂರರಲ್ಲಿ ಎರಡು ಪಾಲು ಸೊಂಟದ ಮೂಳೆಯ ಮಟ್ಟಕ್ಕಿಂತ ಕೆಳಗಿರಬೇಕು. ಗುದ ಒಳಕ್ಕೆ ಕುಸಿದು, ಯೋನಿಯ ಮೇಲ್ಭಾಗ ಮಲಗಿದಂತೆ ಓರೆಯಾಗಿದ್ದರೆ ಲದ್ದಿ ನೇರ ಅದರ ಮೇಲೇ ಬೀಳುತ್ತದೆ. ತುಟಿಗಳನ್ನು ಮೆಲ್ಲಗೆ ಬಿಡಿಸಿದಾಗ ಒಳಕ್ಕೆ ಗಾಳಿ ಎಳೆದುಕೊಂಡ ಸದ್ದು ಕೇಳಿದರೆ ಅನುಮಾನವೇ ಬೇಡ, ಗಾಳಿಯ ಜೊತೆ ಕೊಳೆಯೂ ಒಳಗೆ ಹೋಗುತ್ತಿದೆ. ಬಡಕಲಾದ ಕುದುರೆಗಳಲ್ಲಿ, ಏಳೆಂಟು ಸಲ ಈದ ಕುದುರೆಗಳಲ್ಲಿ ಇದು ಹೆಚ್ಚು. ಪರಿಹಾರ ಅಗ್ಗದ್ದೇ: ಮೇಲ್ಭಾಗಕ್ಕೆ ಮರಗಟ್ಟಿಸಿ ಹೊಲಿಯುವ ಕ್ಯಾಸ್ಲಿಕ್ ಹೊಲಿಗೆ. ಹೊಲಿದದ್ದನ್ನು ರಿಜಿಸ್ಟರ್‌ನಲ್ಲಿ ಕೆಂಪು ಮಸಿಯಲ್ಲಿ ಬರೆದಿಡಿ. ಈಯುವ ಎರಡು ಮೂರು ವಾರ ಮೊದಲು ಅದನ್ನು ಬಿಚ್ಚದಿದ್ದರೆ ಮರಿ ಬರುವಾಗ ಹರಿದು ಚಿಂದಿಯಾಗುತ್ತದೆ.

ಇಷ್ಟೂ ಸರಿಯಿದ್ದರೆ ಮುಂದಿನದು ಗರ್ಭಕೋಶದ ಒಳಗಿನ ಮಾತು. ಗಂಡುಕುದುರೆಗೆ ಬಿಟ್ಟ ಮೇಲೆ ಎಲ್ಲ ಹೆಣ್ಣುಕುದುರೆಗೂ ಗರ್ಭಕೋಶ ಸ್ವಲ್ಪ ಉರಿಯುತ್ತದೆ. ಆರೋಗ್ಯವಂತ ಕುದುರೆ ಅದನ್ನು ಒಂದೆರಡು ದಿನದಲ್ಲಿ ತಾನೇ ತೊಳೆದು ಹೊರಹಾಕುತ್ತದೆ. ಕೆಲವಕ್ಕೆ ಆಗುವುದಿಲ್ಲ. 24 ಗಂಟೆಯ ನಂತರವೂ ಸ್ಕ್ಯಾನ್‌ನಲ್ಲಿ 2 ಸೆಂ.ಮೀ. ಆಳದ ನೀರು ನಿಂತಿದ್ದರೆ ಆ ಕುದುರೆಗೆ ಪ್ರತಿ ಸಲವೂ ಸಲೈನ್‌ನಿಂದ ತೊಳೆತ, ಗರ್ಭಕೋಶವನ್ನು ಹಿಂಡಿಸುವ ಆಕ್ಸಿಟೋಸಿನ್ ಬೇಕಾಗುತ್ತದೆ. ಭ್ರೂಣ ಗರ್ಭಕೋಶಕ್ಕೆ ಇಳಿಯುವುದು ಆರನೇ ದಿನದ ಹೊತ್ತಿಗೆ, ಆದ್ದರಿಂದ ಮೊದಲೆರಡು ದಿನ ತೊಳೆದರೆ ಅದಕ್ಕೇನೂ ಆಗದು. ಈದ ಹತ್ತು ದಿನದೊಳಗಿನ ಬೆದೆಯಲ್ಲೇ ಆತುರಪಟ್ಟು ಬಿಟ್ಟಿದ್ದರೂ ಹೀಗೆ ಗಬ್ಬ ಕಳಚುವುದುಂಟು, ಗರ್ಭಕೋಶ ಇನ್ನೂ ಪೂರ್ತಿ ಕುಗ್ಗಿರುವುದಿಲ್ಲ.

ಎರಡು ಮೂರು ಹಂಗಾಮು ಹೀಗೇ ಆಗುತ್ತಿದ್ದರೆ ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿ ಮಾಡಿಸಿ. ಕೆನ್ನಿ ವರ್ಗೀಕರಣದಲ್ಲಿ ಒಂದನೇ ದರ್ಜೆ ಬಂದರೆ ಮರಿ ಹುಟ್ಟುವ ಸಾಧ್ಯತೆ ಶೇ 80ರಿಂದ 90, ಮೂರನೇ ದರ್ಜೆ ಬಂದರೆ ಶೇ 10ಕ್ಕಿಂತ ಕಡಿಮೆ. ಮೂರನೇ ದರ್ಜೆಯ ಕುದುರೆಗೆ ದುಬಾರಿ ಸ್ಟಾಲಿಯನ್ ಫೀಸು ಕಟ್ಟುವುದು ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗೆ. ವಯಸ್ಸು ಹದಿನೆಂಟು ದಾಟಿದ ಕುದುರೆಯಲ್ಲಿ ಅಂಡದ ಗುಣವೇ ಕುಂದಿರುತ್ತದೆ, ವರ್ಣತಂತುಗಳ ಲೆಕ್ಕ ತಪ್ಪಿದ ಭ್ರೂಣಗಳು ನಿಲ್ಲುವುದಿಲ್ಲ. ಅದಕ್ಕೆ ಲಾಯದಲ್ಲಿ ಔಷಧಿಯಿಲ್ಲ.

ಗಬ್ಬವನ್ನು ನಿಲ್ಲಿಸುವ ಹಾರ್ಮೋನಾದ ಪ್ರೊಜೆಸ್ಟರಾನ್ ಬಗ್ಗೆ ಒಂದು ಮಾತು. ಗಬ್ಬ ಹೋಯಿತೆಂದರೆ ಸಾಕು, ಮುಂದಿನ ಸಲ ಮೊದಲ ದಿನದಿಂದಲೇ ಅದರಂತೆಯೇ ಕೆಲಸ ಮಾಡುವ ಆಲ್ಟ್ರೆನೊಜೆಸ್ಟ್ ಔಷಧಿ ಕುಡಿಸುವುದು ವಾಡಿಕೆಯಾಗಿದೆ. ರಕ್ತದಲ್ಲಿ ಪ್ರೊಜೆಸ್ಟರಾನ್ ಮಿ.ಲೀ.ಗೆ 4 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ಅದಕ್ಕೆ ಅರ್ಥವಿದೆ. ಸೋಂಕೋ ಅವಳಿಯೋ ಕಾರಣವಾಗಿದ್ದರೆ ಅರ್ಥವಿಲ್ಲ. ಮೇಲಾಗಿ ಸತ್ತ ಭ್ರೂಣವನ್ನೂ ಅದು ಒಳಗೇ ಹಿಡಿದಿಟ್ಟು, ಕುದುರೆ ಬೆದೆಗೆ ಬರದಂತೆ ಮಾಡಿ, ನಷ್ಟವನ್ನೇ ಮುಚ್ಚಿಬಿಡುತ್ತದೆ. ಕುಡಿಸುತ್ತಿದ್ದೀರಿ ಎಂದರೆ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ತಪ್ಪಬಾರದು. ಕುಡಿಸುವವರು ಗ್ಲೌಸ್ ಇಲ್ಲದೆ ಬಾಟಲಿ ಮುಟ್ಟಬಾರದು: ಅದು ಚರ್ಮದ ಮೂಲಕ ಮೈಸೇರಿ ಹೆಂಗಸರ ಮುಟ್ಟು ಏರುಪೇರಾಗಿಸುತ್ತದೆ. ಬಸುರಿಯರಂತೂ ಆ ಕೆಲಸಕ್ಕೆ ನಿಲ್ಲಲೇಬಾರದು.

28ನೇ ದಿನದ ಸ್ಕ್ಯಾನ್ ತಪ್ಪಿಸಬೇಡಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. 35–36ನೇ ದಿನದ ಹೊತ್ತಿಗೆ ಗರ್ಭಕೋಶದ ಗೋಡೆಯಲ್ಲಿ ಎಂಡೊಮೆಟ್ರಿಯಲ್ ಕಪ್ ಎಂಬ ಪುಟ್ಟ ಬಟ್ಟಲುಗಳು ಬೇರೂರಿ ಹಾರ್ಮೋನು ಸುರಿಸತೊಡಗುತ್ತವೆ. ಆಮೇಲೆ ಭ್ರೂಣ ಹೋದರೂ ಅವು 100–120ನೇ ದಿನದವರೆಗೆ ಉಳಿಯುತ್ತವೆ, ಅಲ್ಲಿಯ ತನಕ ಕುದುರೆ ಸರಿಯಾದ ಬೆದೆಗೆ ಬರುವುದಿಲ್ಲ. ನಮ್ಮ ಲೆಕ್ಕದ ಕುದುರೆಗೆ ಏಪ್ರಿಲ್ 7ರಂದು ಖಾಲಿ ಎಂದು ಗೊತ್ತಾದರೆ ಅದೇ ತಿಂಗಳು ಮತ್ತೆ ಬಿಡಬಹುದು. ಏಪ್ರಿಲ್ 21ಕ್ಕೆ ಗೊತ್ತಾದರೆ ಜುಲೈವರೆಗೆ ಕೈಕಟ್ಟಿ ಕೂರಬೇಕು, ಅಷ್ಟರಲ್ಲಿ ಹಂಗಾಮು ಮುಗಿದಿರುತ್ತದೆ. ಇಲ್ಲಿ ಥರೋಬ್ರೆಡ್ ಮರಿಗಳಿಗೆಲ್ಲ ಜನವರಿ 1ಕ್ಕೇ ಒಂದು ವರ್ಷ ಕೂಡುವುದರಿಂದ ಹೋದದ್ದು ಒಂದು ತಿಂಗಳಲ್ಲ, ಒಂದು ಇಡೀ ವರ್ಷ.

ಲಕ್ಷಣ: ದಿನಕ್ಕೆ ಮುಂಚೆ ಕೆಚ್ಚಲು ತುಂಬಿದೆ, ಹಾಲು ಸೋರುತ್ತಿದೆ

ಈಯುವ ಎರಡರಿಂದ ನಾಲ್ಕು ವಾರ ಮುಂಚೆ ಕೆಚ್ಚಲು ತುಂಬುವುದು ಸಹಜ. ಎಂಟು, ಒಂಬತ್ತು ತಿಂಗಳಿಗೇ ತುಂಬಿದರೆ ಅದು ಒಳಗಿನಿಂದ ಬಂದ ಎಚ್ಚರಿಕೆ. ಗಬ್ಬವನ್ನು ಉಳಿಸಿಕೊಳ್ಳಲು ಇನ್ನೂ ಸಮಯವಿರುವ ಲಕ್ಷಣ ಇದೊಂದೇ ಎಂದರೂ ಸರಿ, ಹಾಗಾಗಿ ಬೆಳಿಗ್ಗೆ ಮಾಲೀಸು ಮಾಡುವಾಗ ಕೆಚ್ಚಲ ಮೇಲೊಮ್ಮೆ ಕೈಯಾಡಿಸುವುದನ್ನು ಸೈಸ್‌ಗೆ ಕಲಿಸಿ.

ಮೊದಲು ಬೆರಳಿನಿಂದ ಒತ್ತಿ. ಕೆಚ್ಚಲ ಮುಂದೆ ಹೊಟ್ಟೆಯಡಿ ಒತ್ತಿದಲ್ಲಿ ಗುಳಿ ಬಿದ್ದು ಹಾಗೇ ನಿಂತರೆ ಅದು ಬರೀ ನೀರು, ಲಾಯದಲ್ಲೇ ನಿಂತಿರುವ ತುಂಬುಗಬ್ಬದ ಕುದುರೆಗೆ ಆಗುವಂಥದ್ದು. ನಡೆದಾಡಿಸಿದರೆ ಇಳಿಯುತ್ತದೆ. ಕೆಚ್ಚಲೇ ಬಿಗಿದು, ತೊಟ್ಟು ಒತ್ತಿದರೆ ಹಾಲೋ ನೀರುಹಾಲೋ ಬಂದರೆ ಮುಂದಿನದನ್ನು ನೋಡಿ: ಬಾಲದ ಒಳಬದಿ, ತೊಡೆಯ ಹಿಂಭಾಗ. ಒಣಗಿ ಅಂಟಿದ ಹಳದಿ-ಕಂದು ಹಕ್ಕಳೆ ಒಂದು ರೂಪಾಯಿ ಬಿಲ್ಲೆಯಷ್ಟಿದ್ದರೂ ಅದು ಸೋರಿಕೆಯೇ. ಬಾಲ ತೊಳೆಯುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

ಕೆಚ್ಚಲೂ ಸೋರಿಕೆಯೂ ಒಟ್ಟಿಗೆ ಕಂಡರೆ ಮಾಸದ ಉರಿಯೂತ ಎಂದೇ ಹಿಡಿದು ಅವತ್ತೇ ವೈದ್ಯರನ್ನು ಕರೆಸಿ. ಯೋನಿಯಿಂದ ಗರ್ಭಕಂಠದ ಮೂಲಕ ಸೋಂಕು ಮೇಲೇರಿ, ಕಂಠಕ್ಕೆ ತಾಗಿರುವ ಮಾಸದ ಭಾಗ ಮೊದಲು ಕೆಡುತ್ತದೆ. ಸ್ಟ್ರೆಪ್ಟೊಕಾಕಸ್ ಜೂಎಪಿಡೆಮಿಕಸ್, ಇ. ಕೋಲೈ, ಕ್ಲೆಬ್ಸಿಯೆಲ್ಲಾ ಇಲ್ಲಿನ ಮಾಮೂಲಿ ಅಪರಾಧಿಗಳು. ವೈದ್ಯರು ಗುದದ್ವಾರದ ಮೂಲಕ ಸ್ಕ್ಯಾನ್ ಮಾಡಿ ಅಲ್ಲಿ ಗರ್ಭಕೋಶ ಮತ್ತು ಮಾಸದ ಒಟ್ಟು ದಪ್ಪ ಅಳೆಯುತ್ತಾರೆ. 271ರಿಂದ 300 ದಿನದವರೆಗೆ 8 ಮಿ.ಮೀ. ಒಳಗೆ, 330ರವರೆಗೆ 10 ಮಿ.ಮೀ. ಒಳಗೆ, ಅದಾದ ಮೇಲೆ 12 ಮಿ.ಮೀ. ಒಳಗೆ ಇರಬೇಕು. ಮಾಸಕ್ಕೂ ಗರ್ಭಕೋಶಕ್ಕೂ ನಡುವೆ ಕೀವು ನಿಂತಿದ್ದರೆ ದಪ್ಪ ಅಳೆಯುವ ಅಗತ್ಯವೂ ಇಲ್ಲ.

ಚಿಕಿತ್ಸೆ ಉದ್ದದ್ದು: ಬಾಯಿಯಿಂದ ಕೊಡುವ ಟ್ರೈಮೆಥೊಪ್ರಿಮ್-ಸಲ್ಫಾ, ಉರಿಯೂತಕ್ಕೆ ಫ್ಲುನಿಕ್ಸಿನ್, ಪೆಂಟಾಕ್ಸಿಫಿಲಿನ್, ಗರ್ಭಕೋಶ ಸೆಟೆಯದಂತೆ ಆಲ್ಟ್ರೆನೊಜೆಸ್ಟ್. ಪ್ರಮಾಣ ವೈದ್ಯರೇ ಬರೆಯಬೇಕು. ಹಾಳಾಗುವುದು ಸಾಮಾನ್ಯವಾಗಿ ಎರಡನೇ ವಾರದಲ್ಲಿ, ಕೆಚ್ಚಲು ಇಳಿಯಿತು, ಸೋರಿಕೆ ನಿಂತಿತು ಎಂದು ಔಷಧಿ ನಿಲ್ಲಿಸಿದಾಗ. ದಪ್ಪ ಇಳಿದದ್ದು ಸ್ಕ್ಯಾನ್‌ನಲ್ಲಿ ಕಾಣುವ ತನಕ ನಿಲ್ಲಿಸಬೇಡಿ.

ಸೋರಿಕೆ ಇಲ್ಲ, ಕೆಚ್ಚಲು ಮಾತ್ರ ತುಂಬಿದೆ, ಏಳೆಂಟು ತಿಂಗಳು ಎಂದರೆ ಅವಳಿಯ ಅನುಮಾನ. ಒಂದು ಮರಿ ಒಳಗೇ ಸತ್ತಿರಬಹುದು. ಹೊಟ್ಟೆಯ ಮೇಲಿಂದ ಸ್ಕ್ಯಾನ್ ಮಾಡಿಸಿ.

ಲಕ್ಷಣ: ತುಂಬುಗಬ್ಬದಲ್ಲಿ ರಕ್ತ

ವಯಸ್ಸಾದ ಕುದುರೆಯಲ್ಲಿ ಯೋನಿಯೊಳಗಿನ ಉಬ್ಬಿದ ರಕ್ತನಾಳ ಒಡೆದು ತಾಜಾ ರಕ್ತ ತೊಟ್ಟಿಕ್ಕುವುದುಂಟು. ನೋಡಲು ಭಯವಾಗುತ್ತದೆ, ಆದರೆ ಕೆಚ್ಚಲು ತುಂಬಿಲ್ಲ, ಜ್ವರವಿಲ್ಲ, ತಿನ್ನುತ್ತಿದೆ ಎಂದರೆ ಮರಿಗೆ ತೊಂದರೆ ಇರುವುದಿಲ್ಲ. ವೈದ್ಯರು ಯೋನಿ ಅಗಲಿಸುವ ಸ್ಪೆಕ್ಯುಲಮ್ ಹಾಕಿ ನೋಡಿ ಖಚಿತಪಡಿಸಲಿ. ಕೆಂಪು-ಕಂದು ಬಣ್ಣದ, ನಾರುವ ಸೋರಿಕೆಯಾದರೆ ಹಿಂದಿನ ವಿಭಾಗಕ್ಕೆ ಹೋಗಿ.

ಲಕ್ಷಣ: ಯಾವ ಸೂಚನೆಯೂ ಇರಲಿಲ್ಲ, ಬೆಳಿಗ್ಗೆ ನೋಡಿದರೆ ಕಂದು ಬಿದ್ದಿದೆ

ಏಳು ತಿಂಗಳು ದಾಟಿದ ಕುದುರೆ ರಾತ್ರಿ ಮೇವು ತಿಂದಿದೆ, ಜ್ವರವಿಲ್ಲ, ಕೆಚ್ಚಲಿಲ್ಲ. ಬೆಳಿಗ್ಗೆ ತಾಜಾ ಕಂದು, ಎಷ್ಟೋ ಸಲ ಮಾಸದ ಚೀಲದೊಳಗೇ ಇರುವಂತೆ, ನೆಲದ ಮೇಲೆ. ಪ್ರಯೋಗಾಲಯ ಅಲ್ಲ ಎನ್ನುವವರೆಗೆ ಇದನ್ನು ಕುದುರೆ ಹರ್ಪಿಸ್, ಅಂದರೆ ಇಎಚ್‌ವಿ-1 ಎಂದೇ ನಡೆಸಿಕೊಳ್ಳಬೇಕು. ತಪ್ಪಾದರೆ ನಾಲ್ಕು ದಿನದ ತಾಪತ್ರಯ ಅಷ್ಟೆ. ಸರಿಯಾಗಿದ್ದು ನೀವು ಸುಮ್ಮನಿದ್ದರೆ ಪಕ್ಕದ ಲಾಯಗಳ ಕುದುರೆಗಳೂ ಒಂದರ ಹಿಂದೊಂದು ಕಂದು ಹಾಕುತ್ತವೆ.

ಆ ಗಳಿಗೆಯಲ್ಲಿ ಮಾಡಬೇಕಾದ್ದು ಹೀಗೆ. ಕುದುರೆಯನ್ನು ಅದೇ ಲಾಯದಲ್ಲಿ ಬಿಡಿ, ಬೇರೆಡೆ ಎಳೆದೊಯ್ಯಬೇಡಿ. ಅದರ ಸೈಸ್ ಇನ್ನೊಂದು ಗಬ್ಬದ ಕುದುರೆಯ ಬಳಿ ಹೋಗಕೂಡದು. ಅವನಿಗೆ ಬೇರೆ ಬೂಟು, ಬೇರೆ ಬಕೆಟ್ಟು, ಬೇರೆ ಬ್ರಷ್ಷು. ಗ್ಲೌಸ್ ಹಾಕಿಕೊಂಡು ಕಂದು ಮತ್ತು ಮಾಸವನ್ನು ಎರಡು ಪದರದ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸೋರದ ಡಬ್ಬಿಯಲ್ಲಿಡಿ. ನಾಯಿ, ಕಾಗೆ ಮುಟ್ಟಬಾರದು. ಒದ್ದೆಯಾದ ಹುಲ್ಲಿಗೆ ಸೋಂಕುನಿವಾರಕ ಸುರಿದು, ಆಮೇಲೆ ತೆಗೆದು ಸುಡಿ. ಅದೇ ಗುಂಪಿನ ಕುದುರೆಗಳನ್ನು ಬೇರೆ ಗುಂಪಿಗೆ ಬೆರೆಸಬೇಡಿ, ಫಾರ್ಮ್‌ನಿಂದ ಒಂದು ಕುದುರೆಯೂ ಹೊರಗೆ ಹೋಗಬಾರದು, ಒಳಗೆ ಬರಬಾರದು. ಹರ್ಪಿಸ್ ಖಚಿತವಾದರೆ ಕೊನೆಯ ಪ್ರಕರಣದಿಂದ 28 ದಿನ ಈ ನಿರ್ಬಂಧ ನಡೆಯಬೇಕು. ಹಿಂಗಾಲು ತೂರಾಡುವುದು, ಮೂತ್ರ ತೊಟ್ಟಿಕ್ಕುವುದು ಯಾವುದಾದರೂ ಕುದುರೆಯಲ್ಲಿ ಕಂಡರೆ ಅದೇ ವೈರಸ್ ನರಕ್ಕೆ ಇಳಿದಿದೆ ಎಂಬ ಅನುಮಾನ. ತಕ್ಷಣ ವೈದ್ಯರು ಬೇಕು.

ವೈರಸ್ ಬಂದದ್ದು ಎಲ್ಲಿಂದ ಎಂದು ಹುಡುಕುವಾಗ ಹಿಂದಿನ ಕೆಲವು ವಾರಗಳನ್ನು ನೋಡಿ. ತಾಯಿ ಬಿಡಿಸಿದ ಮರಿಗಳಿಗೆ ಮೂಗು ಸುರಿದಿತ್ತೇ? ರೇಸ್ ಕೋರ್ಸಿನಿಂದ ಹೊಸ ಕುದುರೆ ಬಂದು ತಾಯಿಕುದುರೆಗಳ ಪಕ್ಕದಲ್ಲೇ ನಿಂತಿತ್ತೇ? ಎರಡೂ ಅಲ್ಲದಿರಬಹುದು, ಏಕೆಂದರೆ ಈ ವೈರಸ್ ಕುದುರೆಯ ಮೈಯಲ್ಲೇ ವರ್ಷಗಟ್ಟಲೆ ಮಲಗಿದ್ದು, ಲಾರಿ ಪ್ರಯಾಣದಂಥ ಒತ್ತಡಕ್ಕೆ ಎದ್ದೇಳಬಲ್ಲದು. ಗಬ್ಬದ 5, 7, 9ನೇ ತಿಂಗಳು ಲಸಿಕೆ ಹಾಕಿಸುವುದು ಪದ್ಧತಿ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ನಮ್ಮ ದೇಶದ ತಳಿಯ ವೈರಸ್‌ನಿಂದಲೇ 'ಇಕ್ವಿಹರ್ಪಾಬಾರ್ಟ್' ಲಸಿಕೆ ರೂಪಿಸಿದೆ. ಲಸಿಕೆ ಹಾಕಿದ್ದೇವಲ್ಲ, ಹರ್ಪಿಸ್ ಆಗಿರಲಾರದು ಎನ್ನುವ ವಾದ ಮಾತ್ರ ಬೇಡ. ಅದು ಅಪಾಯ ತಗ್ಗಿಸುತ್ತದೆ, ಅಳಿಸುವುದಿಲ್ಲ.

ಸೂಚನೆಯಿಲ್ಲದೆ ಕಂದು ಹಾಕಿಸುವ ಇನ್ನೊಂದು ಕಾರಣ ಹೊಕ್ಕುಳಬಳ್ಳಿ ತಿರುಚಿಕೊಳ್ಳುವುದು. ಇಲ್ಲಿ ಕಂದು ತಾಜಾ ಇರುವುದಿಲ್ಲ. ಸತ್ತು ಕೆಲವು ದಿನವಾಗಿ ಮೆತ್ತಗಾಗಿರುತ್ತದೆ. ಬಳ್ಳಿಯನ್ನು ಟೇಪಿನಿಂದ ಅಳೆಯಿರಿ. 80 ಸೆಂ.ಮೀ.ಗಿಂತ ಉದ್ದವಿದ್ದರೆ ಅನುಮಾನ ಗಟ್ಟಿ. ಬಳ್ಳಿಯಲ್ಲಿ ನಾಲ್ಕೈದು ಸುತ್ತು ಎಲ್ಲ ಮರಿಗಳಿಗೂ ಇರುತ್ತದೆ, ಸುತ್ತು ಕಂಡ ಮಾತ್ರಕ್ಕೆ ತೀರ್ಪು ಕೊಡಬೇಡಿ. ಸುತ್ತಿನ ಒಂದು ಕಡೆ ಬಳ್ಳಿ ಊದಿ ನೇರಳೆಗಟ್ಟಿದೆ, ಇನ್ನೊಂದು ಕಡೆ ಬಿಳಿಚಿದೆ, ಬಿಡಿಸಿದರೂ ಅಲ್ಲಿ ಹಗ್ಗ ಬಿಗಿದಂತೆ ಗೀರು ಉಳಿದಿದೆ ಎಂದರೆ ಆಗ ಮಾತು ಬೇರೆ. ಇದು ಯಾರ ತಪ್ಪೂ ಅಲ್ಲ, ತಡೆಯುವ ದಾರಿಯೂ ಇಲ್ಲ, ಬೇರೆ ಕುದುರೆಗೆ ಹರಡುವುದೂ ಇಲ್ಲ.

ಮಾಸ ಓದುವುದು ಹೇಗೆ

ಹರ್ಪಿಸ್ ಅನುಮಾನವಿದ್ದರೆ ಈ ಕೆಲಸ ವೈದ್ಯರಿಗೇ ಬಿಡಿ. ಉಳಿದಂತೆ ಗ್ಲೌಸ್, ಮಾಸ್ಕ್ ಹಾಕಿಕೊಂಡು, ಗಟ್ಟಿ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಮಾಡಿ. ಬಸುರಿಯರು, ಕೈಗೆ ಗಾಯವಾದವರು ಹತ್ತಿರ ಬರಬಾರದು. ಇದು ಬರೀ ಮಡಿಯ ಮಾತಲ್ಲ: 2014ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕುದುರೆಯೊಂದರ ಕೆಟ್ಟ ಮಾಸ ಮುಟ್ಟಿದ ಪಶುವೈದ್ಯಕೀಯದವರಿಗೆ ಗಿಳಿಜ್ವರದ ಕ್ಲಮೈಡಿಯಾ ತಗುಲಿತ್ತು.

ಪೈಪಿನಿಂದ ನೀರು ಬಿಡಬೇಡಿ, ನೋಡಬೇಕಾದ ಕೀವೇ ತೊಳೆದುಹೋಗುತ್ತದೆ. ಮಾಸ ಸಾಮಾನ್ಯವಾಗಿ ಒಳಮೈ ಹೊರಗಾಗಿ, ನುಣುಪಾದ ಬೂದು-ನೀಲಿ ಕಡೆ ಮೇಲಾಗಿ ಬೀಳುತ್ತದೆ. ಅದನ್ನು ದಿಂಬಿನ ಚೀಲ ಮಗುಚುವಂತೆ ಮಗುಚಿ, ಗರ್ಭಕೋಶಕ್ಕೆ ಅಂಟಿದ್ದ ಕೆಂಪು ಮಖಮಲ್ಲಿನಂಥ ಮೈ ಕಾಣುವ ಹಾಗೆ ಹರಡಿ. ಪ್ಯಾಂಟಿನ ಆಕಾರ ಬರುತ್ತದೆ: ಎರಡು ಕಾಲು ಎಂದರೆ ಗರ್ಭಕೋಶದ ಎರಡು ಕೊಂಬು, ಸೊಂಟದ ಭಾಗ ನಡುಕೋಶ. ಮರಿಯಿದ್ದ ಕೊಂಬು ದಪ್ಪ, ಇನ್ನೊಂದು ಸಣ್ಣದು, ತೆಳು. ಎರಡೂ ಕೊಂಬಿನ ತುದಿ ಇದೆಯೇ ಎಂದು ಮೊದಲು ನೋಡಿ. ಮರಿಯಿಲ್ಲದ ಕೊಂಬಿನ ತುದಿಯೇ ಹರಿದು ಒಳಗೆ ಉಳಿಯುವುದು ಹೆಚ್ಚು.

ನಡುಕೋಶದ ಕೆಳತುದಿಯಲ್ಲಿ ನಕ್ಷತ್ರದಂತೆ ಬಿಳಿಚಾದ ಜಾಗವಿರುತ್ತದೆ, ಗರ್ಭಕಂಠಕ್ಕೆ ಎದುರಾಗಿದ್ದ ಭಾಗ. ಅಲ್ಲಿ ಮಖಮಲ್ಲು ಇಲ್ಲದಿರುವುದು ಸಹಜ. ಅದರ ಸುತ್ತ ಅಂಗೈಯಗಲ ಚರ್ಮದಂತೆ ದಪ್ಪಗಾಗಿ, ಕಂದು ಬಣ್ಣಕ್ಕೆ ತಿರುಗಿ, ಬೆರಳಾಡಿಸಿದರೆ ಲೋಳೆ ಬರುತ್ತಿದ್ದರೆ ಕೆಳಗಿನಿಂದೇರಿದ ಸೋಂಕು. ನಕ್ಷತ್ರ ಚೆನ್ನಾಗಿದ್ದು ಕೊಂಬು ಕವಲೊಡೆಯುವಲ್ಲಿ ಮಾತ್ರ ಅಂಟು ಕೀವಿನ ತೇಪೆ ಇದ್ದರೆ ನೊಕಾರ್ಡಿಯೊಫಾರ್ಮ್ ಬ್ಯಾಕ್ಟೀರಿಯಾದ ಉರಿಯೂತ. ಅಮೆರಿಕದ ಕೆಂಟಕಿಯಲ್ಲಿ ಇದು ಪದೇ ಪದೇ ಕಾಣಿಸಿಕೊಂಡಿದೆ. ಒಂದು ದೊಡ್ಡ ತೇಪೆ ಪೂರ್ತಿ ಬೋಳಾಗಿ, ಅಂಚು ಗೆರೆ ಎಳೆದಂತಿದ್ದರೆ ಅಲ್ಲಿ ಇನ್ನೊಂದು ಮಾಸ ಒತ್ತಿಕೊಂಡಿತ್ತು ಎಂದರ್ಥ. ಎರಡನೆಯ ಕಂದನ್ನು ಹುಡುಕಿ. ಅದು ಎಂದೋ ಸತ್ತು ಒಣಗಿ, ಪೊರೆಗಳ ಮಡಿಕೆಯಲ್ಲಿ ಮುದುಡಿದ ಕಂದುಬಣ್ಣದ ತೊಗಲಿನ ತುಂಡಿನಂತೆ ಸಿಕ್ಕಿಕೊಂಡಿರುತ್ತದೆ. ಕಣ್ಣಿನ ಕುಳಿಗಳು ಕಂಡಾಗಲೇ ಅದು ಮರಿ ಎಂದು ಹೊಳೆಯುವುದು.

ದಿನ ತುಂಬಿ ಬಿದ್ದ ಮಾಸವನ್ನು ತೂಗಿ. ಪೊರೆಗಳೆಲ್ಲ ಸೇರಿ ಮರಿಯ ತೂಕದ ಶೇ 10–11ರಷ್ಟಿರಬೇಕು, 50 ಕೆ.ಜಿ. ಮರಿಗೆ ಐದು ಐದೂವರೆ ಕೆ.ಜಿ. ತೀರಾ ಹೆಚ್ಚಿದ್ದರೆ ಊತ ಅಥವಾ ಸೋಂಕು. ನೀರಿನಲ್ಲಿ ತೇಲಿಬರುವ ಕಂದು ಬಣ್ಣದ, ರಬ್ಬರಿನಂಥ ಚಪ್ಪಟೆ ಗಡ್ಡೆಗೆ ಹೆದರಬೇಡಿ, ಅದು ಎಲ್ಲ ಮಾಸದಲ್ಲೂ ಇರುತ್ತದೆ.

ಲಕ್ಷಣ: ಜ್ವರ ಬಂದು ಕಂದು ಹಾಕಿತು, ಅಥವಾ ಒಂದಕ್ಕಿಂತ ಹೆಚ್ಚು ಕುದುರೆ

ಕುದುರೆಯ ಮೈಬಿಸಿ ಸಾಮಾನ್ಯವಾಗಿ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ಗಬ್ಬದ ಮೊದಲ ಎರಡೂವರೆ ತಿಂಗಳು ಪ್ರೊಜೆಸ್ಟರಾನ್ ಬರುವುದು ಅಂಡಾಶಯದಿಂದ ಮಾತ್ರ. ಆ ಅವಧಿಯಲ್ಲಿ ಹೊಟ್ಟೆಶೂಲೆ, ಭೇದಿ, ವಿಷಜ್ವರ ಏನೇ ಬಂದರೂ ರಕ್ತಕ್ಕಿಳಿದ ವಿಷ ಪ್ರೊಸ್ಟಗ್ಲಾಂಡಿನ್ ಎಂಬ ಹಾರ್ಮೋನು ಬಿಡಿಸಿ ಪ್ರೊಜೆಸ್ಟರಾನ್‌ನ ಮೂಲವನ್ನೇ ಒಣಗಿಸುತ್ತದೆ. ಹೊಟ್ಟೆಶೂಲೆಗೆ ಬಂದ ವೈದ್ಯರಿಗೆ ಕುದುರೆ ಎಷ್ಟು ದಿನದ ಗಬ್ಬ ಎಂದು ಮೊದಲ ಮಾತಿನಲ್ಲೇ ಹೇಳಿ.

ಬಿಟ್ಟು ಬಿಟ್ಟು ಜ್ವರ, ವಸಡು ಬಿಳಿಚಿದೆ ಅಥವಾ ಹಳದಿಯಾಗಿದೆ ಎಂದರೆ ಉಣ್ಣಿಹುಳುವಿನಿಂದ ಬರುವ ಥೈಲೇರಿಯಾ, ಬಬೇಸಿಯಾ ಅಥವಾ ಕುದುರೆನೊಣದಿಂದ ಬರುವ ಸರ್ರಾ ರೋಗ. ಜ್ವರ ಏರಿದ ಹೊತ್ತಿನಲ್ಲೇ, ಇಂಜೆಕ್ಷನ್ ಕೊಡುವ ಮುಂಚೆ, ರಕ್ತದ ಸ್ಲೈಡು ಮತ್ತು ನೇರಳೆ ಮುಚ್ಚಳದ ಟ್ಯೂಬು ತೆಗೆಸಬೇಕು. ಮಳೆಗಾಲದ ಬಳಿಕ, ನೀರು ನಿಂತ ಹುಲ್ಲುಗಾವಲು, ಇಲಿ ಕಾಟವಿರುವ ಮೇವಿನ ಕೋಣೆ, ಆರು ತಿಂಗಳು ದಾಟಿದ ಗಬ್ಬ ಎಂದರೆ ಲೆಪ್ಟೊಸ್ಪೈರಾ, ಅಂದರೆ ಇಲಿಜ್ವರ. ಕಂದು ಹಾಕಿದ ಕುದುರೆಯ ಮೂತ್ರದಲ್ಲಿ ಅದು ವಾರಗಟ್ಟಲೆ ಹೋಗುತ್ತಿರುತ್ತದೆ, ಲಾಯ ತೊಳೆಯುವವರಿಗೂ ತಗುಲುತ್ತದೆ. ಸೈಸ್‌ಗೆ ಜ್ವರ, ಮೀನಖಂಡ ನೋವು ಬಂದರೆ ಆಸ್ಪತ್ರೆಯಲ್ಲಿ ಈ ವಿಷಯ ಹೇಳಲಿ.

ಗುಂಪಿನಲ್ಲಿ ಒಂದಾದ ಮೇಲೊಂದು ಕಂದು ಹಾಕಿ, ಮಾಸ ನಾರುತ್ತಿದ್ದರೆ ಸಾಲ್ಮೊನೆಲ್ಲಾ ಅಬಾರ್ಟಸ್ ಇಕ್ವಿ ಎಂಬ ಬ್ಯಾಕ್ಟೀರಿಯಾವನ್ನು ಪಟ್ಟಿಯಲ್ಲಿಡಿ. ಪಾಶ್ಚಾತ್ಯ ಪುಸ್ತಕಗಳಲ್ಲಿ ಇದಕ್ಕೆ ನಾಲ್ಕು ಸಾಲು ಸಿಕ್ಕರೆ ಹೆಚ್ಚು, ಏಷ್ಯಾದಲ್ಲಿ ಅದು ಇನ್ನೂ ಇದೆ. ಸೋರಿಕೆ ಬಿದ್ದ ಮೇವಿನಿಂದ ಹರಡುತ್ತದೆ.

ರೋಗಾಣುವೇ ಸಿಗದಿದ್ದರೆ ಹುಲ್ಲುಗಾವಲಿಗೆ ಹೋಗಿ. 2001ರಲ್ಲಿ ಕೆಂಟಕಿಯ ಫಾರ್ಮ್‌ಗಳಲ್ಲಿ ಎಳೆಗಬ್ಬವೂ ತುಂಬುಗಬ್ಬವೂ ಸಾಲುಸಾಲಾಗಿ ಹೋದಾಗ ಕೊನೆಗೆ ಸಿಕ್ಕದ್ದು ಕಂಬಳಿಹುಳು: ಹುಲ್ಲಿನ ಜೊತೆ ಹೊಟ್ಟೆಗೆ ಹೋದ ಅದರ ಮುಳ್ಳುಕೂದಲು ಕರುಳು ಚುಚ್ಚಿ, ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿತ್ತು. ಪ್ಯಾಡಕ್‌ನಲ್ಲಿ ಕಂಬಳಿಹುಳು ಮುತ್ತಿಕೊಂಡ ಮರವಿದ್ದರೆ ಗಬ್ಬದ ಕುದುರೆಗಳನ್ನು ಅಲ್ಲಿಂದ ಸರಿಸಿ.

ಕಾಯಬಾರದ ಮೂರು ಲಕ್ಷಣ

ಏಳು ತಿಂಗಳು ದಾಟಿದ ಕುದುರೆ ಹೊಟ್ಟೆ ತಿರುಗಿ ನೋಡುತ್ತ, ಕಾಲು ಕೆರೆಯುತ್ತ, ಔಷಧಿಗೆ ಅರ್ಧಂಬರ್ಧ ಶಾಂತವಾಗಿ ಮತ್ತೆ ಶುರುಮಾಡಿದರೆ ಗರ್ಭಕೋಶ ತಿರುಚಿರಬಹುದು. ಹೊಟ್ಟೆ ಒಂದೆರಡು ವಾರದಲ್ಲಿ ಅತಿಯಾಗಿ ಊದಿದರೆ ನೀರು ತುಂಬಿದೆ. ಹೊಟ್ಟೆಯಡಿ ನೋವಿನ ಊತದೊಂದಿಗೆ ಕುದುರೆ ನಡೆಯಲು ಹಿಂಜರಿದರೆ ಹೊಟ್ಟೆಯ ಸ್ನಾಯುಕಟ್ಟು ಹರಿಯುತ್ತಿದೆ. ಮೂರರಲ್ಲೂ ತಾಯಿಯೇ ಸಾಯಬಹುದು, ಮನೆಮದ್ದಿಗೆ ಜಾಗವಿಲ್ಲ.

ಇನ್ನೊಂದು ಈಯುವ ಗಳಿಗೆಯದು, ವೈದ್ಯರಿಗೆ ಕಾಯದೆ ನೀವೇ ಮಾಡಬೇಕಾದ್ದು. ಯೋನಿಯಲ್ಲಿ ಬಿಳಿಪೊರೆಯ ಬದಲು ಕೆಂಪು ಮಖಮಲ್ಲಿನ ಚೀಲ ಕಂಡರೆ ಮಾಸವೇ ಮೊದಲು ಬಿಡಿಸಿಕೊಂಡಿದೆ, ಮರಿಗೆ ಗಾಳಿಯಿಲ್ಲ. ಮೊಂಡುತುದಿಯ ಕತ್ತರಿಯಿಂದ ಚೀಲ ಸೀಳಿ, ಒಳಗಿನ ಬಿಳಿಪೊರೆಯನ್ನೂ ಹರಿದು, ಕುದುರೆ ಮುಕ್ಕಿದಾಗ ಮುಂಗಾಲು ಹಿಡಿದು ಕೆಳಮುಖವಾಗಿ ಎಳೆಯಿರಿ. ಫೋನು ಇನ್ನೊಬ್ಬರು ಮಾಡಲಿ.

ಮಾದರಿ ಕಳುಹಿಸುವಾಗ

ಇಡೀ ಕಂದು, ಇಡೀ ಮಾಸ. ಐಸ್ ಪ್ಯಾಕ್ ಇಟ್ಟ ಥರ್ಮೊಕೋಲ್ ಪೆಟ್ಟಿಯಲ್ಲಿ, ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಫ್ರೀಜರಿಗೆ ಹಾಕಿದರೆ ಜೀವಕೋಶ ಒಡೆದು ಸೂಕ್ಷ್ಮದರ್ಶಕದ ಕೆಲಸ ಕೆಡುತ್ತದೆ. ಅಷ್ಟು ದೊಡ್ಡದನ್ನು ಸಾಗಿಸಲಾಗದಿದ್ದರೆ ವೈದ್ಯರು ಅಲ್ಲೇ ಸೀಳಿ ಶ್ವಾಸಕೋಶ, ಯಕೃತ್ತು, ಗುಲ್ಮ, ಥೈಮಸ್, ಮೂತ್ರಪಿಂಡ ಮತ್ತು ಮಾಸದ ಚೂರುಗಳನ್ನು ಎರಡು ಪಾಲು ಮಾಡುತ್ತಾರೆ: ಒಂದು ತಾಜಾ, ಒಂದು ಶೇ 10ರ ಫಾರ್ಮಲಿನ್‌ನಲ್ಲಿ. ನಕ್ಷತ್ರದ ಭಾಗದ ಚೂರು ಮರೆಯಬಾರದು. ಯಕೃತ್ತಿನ ಮೇಲೆ ಸೂಜಿಮೊನೆಯಂಥ ಬಿಳಿ ಚುಕ್ಕೆ, ಎದೆಗೂಡಿನಲ್ಲಿ ಹಳದಿ ನೀರು ಹರ್ಪಿಸ್ ಕಡೆಗೆ ಬೊಟ್ಟು ಮಾಡುತ್ತವೆ. ತಾಯಿಯ ರಕ್ತ ಅವತ್ತೊಮ್ಮೆ, ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ. ಒಂದೇ ಮಾದರಿಯಲ್ಲಿ ಪ್ರತಿಕಾಯ ಕಂಡರೆ ಅದು ಹಳೆಯ ಸೋಂಕಿನದೋ ಲಸಿಕೆಯದೋ ತಿಳಿಯದು.

ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಹತ್ತಿರದ್ದು. ಯಲಹಂಕದ ನಿವೇದಿ ಎಂಬ ರಾಷ್ಟ್ರೀಯ ಪಶುರೋಗ ಸಂಸ್ಥೆಯಲ್ಲಿ ಲೆಪ್ಟೊಸ್ಪೈರಾ ಕೆಲಸ ನಡೆಯುತ್ತದೆ. ಹರ್ಪಿಸ್‌ಗೆ ಹಿಸಾರ್. ಹೊರಡುವ ಮುನ್ನ ಫೋನ್ ಮಾಡಿ, ಜೊತೆಗೆ ಕಾಗದದಲ್ಲಿ ಗಬ್ಬದ ದಿನ, ಲಸಿಕೆ ಹಾಕಿದ ತಾರೀಖು, ಕೊಟ್ಟ ಔಷಧಿ ಬರೆದಿಡಿ.

ಕಂದು ಹೋದ ಮೇಲೆ ತಾಯಿ

ಮಾಸ ಮೂರು ಗಂಟೆಯೊಳಗೆ ಬೀಳಬೇಕು. ಹಸುವಿನ ಹಾಗೆ ದಿನವಿಡೀ ಕಾಯುವ ಲೆಕ್ಕ ಕುದುರೆಗೆ ನಡೆಯುವುದಿಲ್ಲ. ಜೋತಾಡುವುದನ್ನು ಹಿಂಗಾಲಿನ ಮಂಡಿಗಿಂತ ಮೇಲಕ್ಕೆ ಗಂಟು ಹಾಕಿ, ತುಳಿದು ಹರಿಯದ ಹಾಗೆ. ಎಳೆಯಬೇಡಿ, ಕಲ್ಲು ಕಟ್ಟಬೇಡಿ. ಗರ್ಭಕೋಶ ಹೊರಬರಬಹುದು, ಇಲ್ಲವೇ ಕೊಂಬಿನ ತುದಿ ಹರಿದು ಒಳಗುಳಿಯಬಹುದು. ಮೂರು ಗಂಟೆ ದಾಟಿದರೆ ವೈದ್ಯರು ಆಕ್ಸಿಟೋಸಿನ್ ಕೊಡುತ್ತಾರೆ. ಒಳಗುಳಿದ ಅಂಗೈಯಗಲದ ಚೂರೂ ಕೊಳೆತು ಗರ್ಭಕೋಶದ ನಂಜಾಗಿ, ಅದು ಗೊರಸಿಗಿಳಿದು ಲ್ಯಾಮಿನೈಟಿಸ್ (ಗೊರಸಿನೊಳಗಿನ ಉರಿಯೂತ) ಆಗುತ್ತದೆ. ಒಂದು ವಾರ ದಿನಕ್ಕೆರಡು ಸಲ ಜ್ವರ ನೋಡಿ, ಗೊರಸು ಮುಟ್ಟಿ ನೋಡಿ. ಗೊರಸು ಬಿಸಿಯಾಗಿದ್ದು, ಕುದುರೆ ಮುಂಗಾಲು ಮುಂದಿಟ್ಟು ಹಿಂದಕ್ಕೆ ವಾಲಿ ನಿಂತರೆ ರಾತ್ರಿಯಾದರೂ ಕರೆ ಮಾಡಿ.

ಮುಂದಿನ ಹಂಗಾಮಿಗೆ ಬಿಡುವ ಮುನ್ನ ಗರ್ಭಕೋಶದ ಸ್ವಾಬ್ ಶುದ್ಧ ಬರಬೇಕು. ಮಾಸದಲ್ಲಿ ನಕ್ಷತ್ರದ ಸುತ್ತ ಕೊಳೆತಿದ್ದ ಕುದುರೆಗಾದರೆ ಗರ್ಭಕಂಠ ಹರಿದಿದೆಯೇ ಎಂದು ಬೆದೆಯಲ್ಲಿಲ್ಲದ ದಿನ, ಅದು ಬಿಗಿಯಾಗಿ ಮುಚ್ಚಿಕೊಳ್ಳಬೇಕಾದ ಹೊತ್ತಿನಲ್ಲಿ, ಕೈಯಿಂದ ನೋಡಿಸಿ. ಬೆದೆಯಲ್ಲಿ ಅದು ತಾನಾಗಿಯೇ ಸಡಿಲಿರುವುದರಿಂದ ಹರಿದದ್ದು ಗೊತ್ತಾಗುವುದಿಲ್ಲ.